ಚಪ್ಪೆ ಮತ್ತು ಹೆಗಲಿನ ನೋವಿಗೆ ಆಸರೆ ಪಟ್ಟಿ: ಆಯ್ಕೆ, ಅಳತೆ, ಕಟ್ಟುವ ಕ್ರಮ

ಕಲಬುರಗಿ ಸೀಮೆಯಲ್ಲಿ ತೊಗರಿ ಕೊಯ್ಲು, ಯಾದಗಿರಿ ಕಡೆ ಹತ್ತಿ ಬಿಡಿಸುವುದು, ಬೀದರ ಕಡೆ ಕಬ್ಬು ಕಡಿಯುವುದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆ. ಆ ದಿನಗಳಲ್ಲಿ ಬಾಗಿ ದುಡಿದ ಟೊಂಕವೂ ಹೊರೆ ಹೊತ್ತ ಹೆಗಲೂ ನೋಯತೊಡಗಿದಾಗ ಅನೇಕರು ಮೊದಲು ಹೋಗುವುದು ಔಷಧ ಅಂಗಡಿಗೆ, ಕೇಳುವುದು ‘ಒಂದು ಬೆಲ್ಟ್ ಕೊಡ್ರಿ’ ಎಂದು. ಅಂಗಡಿಯಲ್ಲಿ ಸಿಗುವ ಬೆಲ್ಟ್ ಒಳ್ಳೆಯದೇ ಇರಬಹುದು. ಆದರೆ ನೋವು ಎಲ್ಲಿದೆ, ಯಾವ ಬಗೆಯದು ಎಂದು ನೋಡದೆ ಕಟ್ಟಿಕೊಂಡರೆ ಅದು ಹಣ ದಂಡವಾಗುವುದಲ್ಲದೆ ಕೆಲವೊಮ್ಮೆ ಕೀಲನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಆಸರೆ ಪಟ್ಟಿ ಮೂರು ಕೆಲಸಗಳನ್ನು ಮಾಡಬಲ್ಲದು: ನೋವು ಬರಿಸುವ ತುದಿಯವರೆಗೆ ಕೀಲು ಹೋಗದಂತೆ ತಡೆಯುತ್ತದೆ, ಸುತ್ತಲಿನ ಸ್ನಾಯುಗಳಿಗೆ ಹಗುರವಾದ ಒತ್ತಾಸೆ ಕೊಡುತ್ತದೆ, ಆ ಭಾಗವನ್ನು ಬೆಚ್ಚಗಿಡುತ್ತದೆ. ಸವೆದ ಮೃದ್ವಸ್ಥಿಯನ್ನು (ಕೀಲಿನಲ್ಲಿ ಎಲುಬಿನ ತುದಿಗಳನ್ನು ಮುಚ್ಚಿರುವ ನುಣುಪು ಪದರ) ಬೆಳೆಸುವುದಾಗಲಿ ಹರಿದ ಸ್ನಾಯುರಜ್ಜುವನ್ನು (ಸ್ನಾಯುವನ್ನು ಎಲುಬಿಗೆ ಅಂಟಿಸುವ ನಾರು) ಕೂಡಿಸುವುದಾಗಲಿ ಅದರಿಂದ ಆಗದು. ಹೀಗಾಗಿ ಪಟ್ಟಿಯನ್ನು ಕೆಲಸದ ಹೊತ್ತಿನ ಸಲಕರಣೆ ಎಂದು ತಿಳಿದು, ಕೆಲಸಕ್ಕೆ ಮುನ್ನ ಕಟ್ಟಿ, ಕೆಲಸ ಮುಗಿದ ಮೇಲೆ ಬಿಚ್ಚುವುದೇ ಸರಿಯಾದ ಬಳಕೆ. ಮುಂದಿನ ಕ್ರಮವೆಲ್ಲ ಈ ತಿಳಿವಳಿಕೆಯ ಮೇಲೆ ನಿಂತಿದೆ.

ಮೊದಲ ಹೆಜ್ಜೆ: ನೋವಿನ ಜಾಗವನ್ನು ಕೈಯಿಂದ ತೋರಿಸಿ

ಕನ್ನಡಿಯ ಮುಂದೆ ನಿಂತು, ನೋವಿರುವ ಜಾಗದ ಮೇಲೆ ಕೈ ಇಡಿ. ಕೈ ತೊಡೆಸಂದಿಯ ಕಡೆಗೆ ಹೋದರೆ, ಅಥವಾ ಹೆಬ್ಬೆರಳು ಹಿಂದೆ ಮತ್ತು ಉಳಿದ ಬೆರಳುಗಳು ಮುಂದೆ ಬರುವಂತೆ ಚಪ್ಪೆಯನ್ನು, ಅಂದರೆ ತೊಡೆ ಸೊಂಟಕ್ಕೆ ಸೇರುವ ಪಕ್ಕವನ್ನು, ಹಿಡಿದುಕೊಂಡರೆ, ನೋವು ಚಪ್ಪೆಯ ಕೀಲಿನ ಒಳಗಿನದಿರುವ ಸಾಧ್ಯತೆ ಹೆಚ್ಚು. ಸಂಧಿವಾತದಿಂದ ಕೀಲು ಸವೆದವರು ಚಪ್ಪಲಿ ಹಾಕಿಕೊಳ್ಳಲು, ಚಕ್ಕಳಮಕ್ಕಳ ಹಾಕಿ ಕೂರಲು ಕಷ್ಟಪಡುವುದು ಈ ಕಾರಣಕ್ಕೆ. ತೊಡೆಯ ಹೊರಬದಿಯಲ್ಲಿ ಎದ್ದು ಕಾಣುವ ಎಲುಬಿನ ಮೇಲೆ ಒತ್ತಿದರೆ ನೋಯುತ್ತಿದ್ದು, ಆ ಮಗ್ಗುಲಲ್ಲಿ ಮಲಗಲು ಆಗದಿದ್ದರೆ, ಅಲ್ಲಿಗೆ ಅಂಟಿರುವ ಪೃಷ್ಠದ ಸ್ನಾಯುರಜ್ಜುಗಳಿಗೆ ದಣಿವಾಗಿರುತ್ತದೆ. ಮಧ್ಯವಯಸ್ಸು ದಾಟಿದ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ಬೆನ್ನಿನ ಕೆಳಗೆ, ಒಂದು ಬದಿಯ ಕುಳಿಯ ಹತ್ತಿರ ಒಂದೇ ಬೆರಳಿನಿಂದ ತೋರಿಸಬಹುದಾದ ನೋವು ತ್ರಿಕಾಸ್ಥಿಯ (ಬೆನ್ನೆಲುಬಿನ ಬುಡದ ಎಲುಬು) ಕೀಲಿನದಾಗಿರಬಹುದು. ನೋವು ಮೊಣಕಾಲನ್ನೂ ದಾಟಿ ಪಾದದವರೆಗೆ ಜುಮುಗುಡುತ್ತ ಇಳಿದರೆ ಅದರ ಬೇರು ಸಾಮಾನ್ಯವಾಗಿ ಬೆನ್ನುಹುರಿಯ ನರದಲ್ಲಿರುತ್ತದೆ. ಅದಕ್ಕೆ ಚಪ್ಪೆಯ ಪಟ್ಟಿ ಕಟ್ಟಿ ಫಲವಿಲ್ಲ.

ಹೆಗಲಿಗೆ ಬಂದರೆ, ಕೈಯನ್ನು ಪಕ್ಕದಿಂದ ಮೇಲೆತ್ತುವಾಗ ನಡುವೆ ಒಂದು ಹಂತದಲ್ಲಿ ಮಾತ್ರ ಚುಚ್ಚಿ, ಅದನ್ನು ದಾಟಿದ ಮೇಲೆ ಹಗುರವಾಗುತ್ತಿದ್ದರೆ ಹೆಗಲ ತುದಿಯ ಎಲುಬಿನ ಕೆಳಗೆ ಸ್ನಾಯುರಜ್ಜು ಉಜ್ಜಿಕೊಳ್ಳುತ್ತಿದೆ ಎಂದು ಊಹಿಸಬಹುದು. ಇನ್ನೊಬ್ಬರು ಎತ್ತಿದರೂ ಕೈ ಮೇಲೇಳದೆ, ಬೆನ್ನ ಹಿಂದೆ ಹೋಗದೆ, ಎಲ್ಲ ದಿಕ್ಕಿನಲ್ಲೂ ಕೀಲು ಬೀಗ ಹಾಕಿದಂತೆ ನಿಂತುಬಿಟ್ಟರೆ ಅದು ಹೆಪ್ಪುಗಟ್ಟಿದ ಹೆಗಲು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಉಳಿದವರಿಗಿಂತ ಹೆಚ್ಚು. ಈ ಎರಡನ್ನು ಬೇರೆಬೇರೆಯಾಗಿ ಗುರುತಿಸಬೇಕಾದ ಕಾರಣ ಸ್ಪಷ್ಟ: ಮೊದಲನೆಯದಕ್ಕೆ ಪಟ್ಟಿ ಕೆಲವು ದಿನ ನೆರವಾಗುತ್ತದೆ, ಎರಡನೆಯದಕ್ಕೆ ಕಟ್ಟಿ ಕೂರಿಸುವುದೇ ವಿಷ.

ಎರಡನೆಯ ಹೆಜ್ಜೆ: ಕಟ್ಟಬಾರದ ಸಂದರ್ಭಗಳನ್ನು ತಳ್ಳಿಹಾಕಿ

ಶಹಾಬಾದ ಕಲ್ಲಿನ ನೆಲ ಒದ್ದೆಯಾದಾಗ ಎಷ್ಟು ಜಾರುತ್ತದೆಂಬುದು ಈ ಭಾಗದ ಎಲ್ಲ ಮನೆಗಳಿಗೂ ಗೊತ್ತು. ಬಚ್ಚಲಲ್ಲಿ ಜಾರಿ ಬಿದ್ದ ಹಿರಿಯರಿಗೆ ಮೇಲೇಳಲಾಗದಿದ್ದರೆ, ಒಂದು ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿದ್ದರೆ, ತೊಡೆ ಎಲುಬಿನ ಕುತ್ತಿಗೆ ಮುರಿದಿದೆ ಎಂದೇ ಭಾವಿಸಬೇಕು. ಪಟ್ಟಿ ಸುತ್ತುವುದು, ಎಣ್ಣೆ ತಿಕ್ಕುವುದು, ಎಲುಬು ಕಟ್ಟುವವರನ್ನು ಕರೆಸುವುದು ಯಾವುದೂ ಬೇಡ; ಮಲಗಿದಲ್ಲೇ ಕಾಲನ್ನು ಅಲುಗಿಸದೆ 108ಕ್ಕೆ ಕರೆ ಮಾಡಿ. ಎಡ ಹೆಗಲು ಮತ್ತು ತೋಳಿನ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ ಇದ್ದರೆ ಅದು ಹೃದಯದ್ದು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯೇ ಇರುವಾಗ ಬಾಮು ಹಚ್ಚುತ್ತ ಕೂರುವುದರಲ್ಲಿ ಅರ್ಥವಿಲ್ಲ. ಉಂಡ ಮೇಲೆ ಹೊಟ್ಟೆಯ ಬಲ ಮೇಲ್ಭಾಗದಲ್ಲಿ ಎದ್ದು ಬಲ ಹೆಗಲಿಗೆ ಹರಿಯುವ ನೋವು ಪಿತ್ತಕೋಶದ್ದಿರಬಹುದು.

ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಇವುಗಳೊಂದಿಗೆ ಬರುವ ಚಪ್ಪೆ ನೋವಿನಲ್ಲಿ ಕೀಲಿನ ಸೋಂಕನ್ನು, ಕ್ಷಯವನ್ನೂ ಸೇರಿಸಿ, ವೈದ್ಯರು ನೋಡಲೇಬೇಕಾಗುತ್ತದೆ. ಕುಂಟುವ ಮಗುವಿಗೆ ಎಂದೂ ಮನೆಯಲ್ಲೇ ಪಟ್ಟಿ ಕಟ್ಟಬೇಡಿ. ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲಿ ಮತ್ತು ಅತಿಯಾಗಿ ಮದ್ಯ ಸೇವಿಸುವವರಲ್ಲಿ ತೊಡೆ ಎಲುಬಿನ ತಲೆಗೆ ರಕ್ತ ಹರಿಯುವುದು ನಿಂತು ಅದು ಕುಸಿಯುವ ಅಪಾಯವಿದೆ. ಆರಂಭದಲ್ಲಿ ಸಾಮಾನ್ಯ ಎಕ್ಸ್-ರೇಯಲ್ಲೂ ಇದು ಕಾಣದೆ ಹೋಗಬಹುದು. ಊರಲ್ಲಿ ಒಂದು ಸೂಜಿಗೆ ನೋವು ಮಾಯವಾಗಿ ವಾರದಲ್ಲಿ ಮರಳುತ್ತಿದ್ದರೆ, ಆ ಸೂಜಿಯಲ್ಲಿ ಏನಿತ್ತೆಂದು ಕೇಳುವ ಹಕ್ಕು ನಿಮಗಿದೆ. ಯಾದಗಿರಿ ಜಿಲ್ಲೆಯ ಹಲವು ಊರುಗಳಂತೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಕಡೆ, ಬೆನ್ನು, ಚಪ್ಪೆ, ಹೆಗಲು ಮೂರೂ ನಿಧಾನವಾಗಿ ಸೆಟೆಯುತ್ತಿದ್ದರೆ ಆ ಮಾತನ್ನೂ ವೈದ್ಯರ ಕಿವಿಗೆ ಹಾಕಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಎಲುಬು-ಕೀಲು ವಿಭಾಗದಲ್ಲಿ ಒಮ್ಮೆ ತೋರಿಸಿ, ಆಮೇಲೆ ಪಟ್ಟಿಯ ಯೋಚನೆ ಮಾಡುವುದು ಕ್ಷೇಮ.

ಮೂರನೆಯ ಹೆಜ್ಜೆ: ಪಟ್ಟಿಯ ಬಗೆ ಮತ್ತು ಬಟ್ಟೆ

ಅಂಗಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಒಂದು, ಸುರುಳಿಯಾಗಿ ಬರುವ ಕ್ರೇಪ್ ಬ್ಯಾಂಡೇಜು. ಹತ್ತಿಯದು, ಗಾಳಿಯಾಡುತ್ತದೆ, ಯಾವ ಮೈಕಟ್ಟಿಗೂ ಹೊಂದುತ್ತದೆ, ಆದರೆ ಕಟ್ಟಲು ಕಲಿಯಬೇಕು ಮತ್ತು ಒಂದೆರಡು ತಾಸಿನಲ್ಲಿ ಸಡಿಲವಾಗುತ್ತದೆ. ಹೆಗಲಿಗೆ 10 ಸೆಂಟಿಮೀಟರ್, ಚಪ್ಪೆಗೆ 15 ಸೆಂಟಿಮೀಟರ್ ಅಗಲದ್ದನ್ನು ಕೊಳ್ಳಿ. ಎಳೆದಾಗ 4 ಮೀಟರ್ ಬರುವ ಒಂದು ಸುರುಳಿ ಚಪ್ಪೆಗೆ ಸಾಲದು. ಎರಡನ್ನು ತುದಿಗೆ ತುದಿ ಸೇರಿಸಿ ಹೊಲಿಸಿಕೊಳ್ಳಬೇಕು. ಇನ್ನೊಂದು, ನಿಯೋಪ್ರೀನ್ ಎಂಬ ರಬ್ಬರಿನ ಹಾಳೆಯಿಂದಲೋ ಎಲಾಸ್ಟಿಕ್ ಬಟ್ಟೆಯಿಂದಲೋ ಮಾಡಿದ, ವೆಲ್ಕ್ರೋ ಅಂಟಿಸುವ ಸಿದ್ಧ ಪಟ್ಟಿ. ಕಟ್ಟುವುದು ಸುಲಭ, ಹಿಡಿತವೂ ನಿಲ್ಲುತ್ತದೆ.

ನಿಯೋಪ್ರೀನ್ ಚಳಿಗಾಲದಲ್ಲಿ ಹಿತವಾದರೂ ಬಿಸಿಲು 40 ಡಿಗ್ರಿ ದಾಟುವ ನಮ್ಮ ಏಪ್ರಿಲ್-ಮೇ ತಿಂಗಳಿಗೆ ಹೇಳಿ ಮಾಡಿಸಿದ್ದಲ್ಲ. ಒಳಗೆ ಬೆವರು ನಿಂತು ಬೆವರುಸಾಲೆ ಏಳುತ್ತದೆ, ತೊಡೆಸಂದಿಯಲ್ಲಿ ಗಜಕರ್ಣ ಹರಡುತ್ತದೆ, ಕೆಲವರಿಗೆ ಆ ರಬ್ಬರಿನ ರಾಸಾಯನಿಕವೇ ಒಗ್ಗದೆ ಪಟ್ಟಿಯ ಆಕಾರದಲ್ಲೇ ಚರ್ಮ ಕೆಂಪಾಗುತ್ತದೆ. ಬೇಸಿಗೆಯಲ್ಲಿ ಹೊರಗೆ ದುಡಿಯುವವರು ತೂತುಗಳಿರುವ ಎಲಾಸ್ಟಿಕ್ ಬಟ್ಟೆಯದನ್ನು ಆರಿಸಿಕೊಂಡು, ಅದರ ಕೆಳಗೆ ತೆಳುವಾದ ಹತ್ತಿ ಬನಿಯನ್ನೋ ಚಡ್ಡಿಯನ್ನೋ ಹಾಕಿಕೊಳ್ಳಬೇಕು. ಅಯಸ್ಕಾಂತ ಕೂರಿಸಿದ, ತಾಮ್ರದ ಎಳೆ ನೇಯ್ದ, ‘ತಾನೇ ಬಿಸಿಯಾಗುವ’ ಪಟ್ಟಿಗಳಿಗೆ ಹೆಚ್ಚು ಹಣ ತೆರಬೇಡಿ. ಅಯಸ್ಕಾಂತ ಮತ್ತು ತಾಮ್ರದಿಂದ ಕೀಲುನೋವು ಇಳಿಯುತ್ತದೆಂಬುದಕ್ಕೆ ನಂಬಲರ್ಹ ಆಧಾರವಿಲ್ಲ. ಬಿಸಿಯಾಗುವ ಪಟ್ಟಿಗಳಂತೂ ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಳೆದುಕೊಂಡವರಿಗೆ ಗೊತ್ತೇ ಆಗದಂತೆ ಸುಟ್ಟಗಾಯ ಮಾಡಬಲ್ಲವು.

ಅಳತೆಯನ್ನು ದರ್ಜಿಯ ಟೇಪಿನಿಂದ ಮನೆಯಲ್ಲೇ ತೆಗೆದುಕೊಂಡು ಹೋಗಿ. ಚಪ್ಪೆಯ ಪಟ್ಟಿಗೆ ಸೊಂಟದ ಸುತ್ತಳತೆ, ಪೃಷ್ಠದ ಅತಿ ಅಗಲದ ಸುತ್ತಳತೆ, ತೊಡೆಯ ಮೇಲ್ಭಾಗದ ಸುತ್ತಳತೆ ಮೂರೂ ಬೇಕು. ಹೆಗಲಿಗೆ ಕಂಕುಳ ಕೆಳಗಿನ ಎದೆಯ ಸುತ್ತಳತೆ ಮತ್ತು ರಟ್ಟೆಯ ಸುತ್ತಳತೆ ಸಾಕು. ಪ್ಯಾಂಟಿನ ನಂಬರು ಹೇಳಿ ಕೊಂಡದ್ದು ಅರ್ಧದಷ್ಟು ಸಲ ಹೊಂದುವುದಿಲ್ಲ ಎಂಬುದು ನನ್ನ ಅನಿಸಿಕೆ. ಕಚ್ಚೆ ಸೀರೆ ಉಡುವವರು ಪಟ್ಟಿಯನ್ನು ಸೀರೆಯ ಗಂಟುಗಳ ಮೇಲೆ ಕಟ್ಟಿದರೆ ಅದು ಹಿಡಿಯದೆ ಜಾರುತ್ತದೆ; ಒಳಗಿನ ಲಂಗ ಅಥವಾ ಚಡ್ಡಿಯ ಮೇಲೆ ಪಟ್ಟಿ ಕಟ್ಟಿ, ಆಮೇಲೆ ಸೀರೆ ಉಡುವುದು ಅನುಕೂಲ.

ನಾಲ್ಕನೆಯ ಹೆಜ್ಜೆ: ಚಪ್ಪೆಗೆ ಕಟ್ಟುವ ಕ್ರಮ

ಕ್ರೇಪ್ ಬ್ಯಾಂಡೇಜಿನಿಂದ ಎಂಟರ ಆಕಾರದಲ್ಲಿ ಸುತ್ತುವ ವಿಧಾನವನ್ನು ಬಲ ಚಪ್ಪೆಗೆ ಅನ್ವಯಿಸಿ ಹೇಳುತ್ತೇನೆ. ಎಡಕ್ಕೆ ಇದನ್ನೇ ತಿರುವುಮುರುವು ಮಾಡಿಕೊಳ್ಳಿ. ಒಬ್ಬರೇ ಕಟ್ಟಿಕೊಳ್ಳುವುದು ಕಷ್ಟ, ಮನೆಯವರೊಬ್ಬರು ಜೊತೆಗಿರಲಿ.

1. ಗೋಡೆಯನ್ನೋ ಕುರ್ಚಿಯ ಬೆನ್ನನ್ನೋ ಹಿಡಿದು ನಿಂತು ಭಾರವನ್ನು ಎಡಗಾಲಿನ ಮೇಲೆ ಹಾಕಿ. ಬಲ ಹಿಮ್ಮಡಿಯ ಕೆಳಗೆ ಒಂದು ಚಿಕ್ಕ ಮಣೆ ಇಟ್ಟು, ಮೊಣಕಾಲು ತುಸು ಮಡಚಿ, ಬೆರಳುಗಳು ಸ್ವಲ್ಪ ಒಳಮುಖವಾಗಿರಲಿ. ಚರ್ಮದ ಮೇಲೆ ಎಣ್ಣೆ, ಬಾಮು ಏನೂ ಇರಬಾರದು.

2. ಬ್ಯಾಂಡೇಜಿನ ತುದಿಯನ್ನು ತೊಡೆಯ ಮೇಲ್ಭಾಗದ ಹೊರಬದಿಗೆ ಇಟ್ಟು, ತೊಡೆಯ ಮುಂಭಾಗದಿಂದ ಒಳಬದಿಗೆ, ಅಲ್ಲಿಂದ ಹಿಂಬದಿಗೆ, ಮತ್ತೆ ಹೊರಬದಿಗೆ ಬರುವಂತೆ ಎರಡು ಸುತ್ತು ಹಾಕಿ. ಪ್ರತಿ ಸುತ್ತು ಹಿಂದಿನದರ ಅರ್ಧ ಅಗಲವನ್ನು ಮುಚ್ಚಬೇಕು. ಬ್ಯಾಂಡೇಜು ಎಷ್ಟು ಹಿಗ್ಗಬಲ್ಲದೋ ಅದರ ಅರ್ಧದಷ್ಟು ಮಾತ್ರ ಹಿಗ್ಗಿಸಿ.

3. ಹೊರಬದಿಗೆ ಬಂದ ಬ್ಯಾಂಡೇಜನ್ನು ಈಗ ಓರೆಯಾಗಿ ಮೇಲಕ್ಕೆತ್ತಿ, ಹೊಟ್ಟೆಯ ಕೆಳಭಾಗದ ಮೇಲಿಂದ ಎಡ ಸೊಂಟದ ಎಲುಬಿನ ಅಂಚಿಗೆ ಒಯ್ಯಿರಿ. ಅಲ್ಲಿಂದ ಬೆನ್ನ ಹಿಂದೆ ಸುತ್ತಿ ಬಲ ಚಪ್ಪೆಯ ಹೊರಬದಿಗೆ ತಂದು, ಹೊರಗಿನ ಎಲುಬನ್ನು ಮುಚ್ಚುವಂತೆ ಕೆಳಗಿಳಿಸಿ, ತೊಡೆಯ ಮುಂದಿನಿಂದ ಒಳಬದಿಗೆ ದಾಟಿಸಿ. ಎರಡು ಓರೆಗಳು ಚಪ್ಪೆಯ ಮುಂದೆ ಒಂದನ್ನೊಂದು ಕತ್ತರಿಸುತ್ತವೆ.

4. ಹೀಗೆ ಮೂರು ಬಾರಿ ಎಂಟು ಹಾಕಿ, ಕೊನೆಯ ಸುತ್ತನ್ನು ಸೊಂಟದಲ್ಲಿ ಮುಗಿಸಿ ಅಂಟುಪಟ್ಟಿಯಿಂದ ಭದ್ರಪಡಿಸಿ. ಜೊತೆಗೆ ಬರುವ ಲೋಹದ ಕೊಕ್ಕೆಗಳು ಕೂತಾಗ ಚುಚ್ಚುತ್ತವೆ, ಅವನ್ನು ಬಿಡಿ.

5. ಈಗ ಕೂತು, ಎದ್ದು, ಹತ್ತು ಹೆಜ್ಜೆ ನಡೆಯಿರಿ. ತೊಡೆಸಂದಿಯಲ್ಲಿ ಎರಡು ಬೆರಳು ಸಲೀಸಾಗಿ ಒಳಹೋಗಬೇಕು. ಕಾಲಿನ ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಪಾದ ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ತಡಮಾಡದೆ ಬಿಚ್ಚಿ ಸಡಿಲವಾಗಿ ಮತ್ತೆ ಸುತ್ತಿ.

ತೊಡೆಯ ಹೊರಮೈಯಲ್ಲಿ ಉರಿ ಮತ್ತು ಮರಗಟ್ಟುವಿಕೆ ಕಾಣಿಸಿದರೆ ಅದು ಹೊಸ ರೋಗವಲ್ಲ. ಸೊಂಟದ ಮುಂದಿನ ಎಲುಬಿನ ಮೊನೆಯ ಹತ್ತಿರ ಹಾದುಹೋಗುವ ಚರ್ಮದ ನರವನ್ನು ಪಟ್ಟಿ ಅದುಮುತ್ತಿದೆ ಎಂದರ್ಥ. ಉಡಿದಾರ, ಚಡ್ಡಿಯ ಲಾಡಿ, ಅದರ ಮೇಲೆ ಪಟ್ಟಿ, ಹೀಗೆ ಒಂದೇ ಜಾಗದಲ್ಲಿ ಮೂರು ಬಿಗಿತ ಸೇರುವವರಲ್ಲಿ ಈ ತೊಂದರೆ ಬೇಗ ಬರುತ್ತದೆ.

ತ್ರಿಕಾಸ್ಥಿಯ ಕೀಲಿನ ನೋವಿಗೆ ಈ ಸುತ್ತು ಬೇಡ. ಅದಕ್ಕೆ ಅಂಗೈ ಅಗಲಕ್ಕಿಂತ ಕಿರಿದಾದ ನೇರ ಬೆಲ್ಟ್ ಬೇರೆಯೇ ಇದೆ. ಅದನ್ನು ಹೊಟ್ಟೆಯ ಮೇಲೆ ಕಟ್ಟುವುದು ಎಲ್ಲರೂ ಮಾಡುವ ತಪ್ಪು. ಮುಂದೆ ಕೈಗೆ ಸಿಗುವ ಸೊಂಟದೆಲುಬಿನ ಮೊನೆಗಳ ಸ್ವಲ್ಪ ಕೆಳಗೆ, ತೊಡೆಯ ಹೊರಗಿನ ಎಲುಬುಗಳಿಗಿಂತ ಮೇಲೆ ಅದು ಕೂರಬೇಕು. ಬಿಗಿ ಹೆಚ್ಚಿದಷ್ಟೂ ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯದು, ಹಗುರವಾದ ಒತ್ತಡವೇ ಸಾಕು. ಗರ್ಭಿಣಿಯರಿಗೂ ಈ ಬಗೆಯ ಬೆಲ್ಟನ್ನು ಹೊಟ್ಟೆಯ ಉಬ್ಬಿನ ಕೆಳಗೆ ಕಟ್ಟಲು ಹೇಳುತ್ತಾರೆ, ಆದರೆ ಅದು ಹೆರಿಗೆ ವೈದ್ಯರ ಸಲಹೆಯ ಮೇಲೆಯೇ ಆಗಬೇಕು.

ಚಪ್ಪೆಯ ಕೀಲು ಸವೆದವರಿಗೆ ನಾನು ಪಟ್ಟಿಗಿಂತ ಮೊದಲು ಹೇಳುವುದು ಊರುಗೋಲನ್ನು. ನೋವಿರುವ ಬದಿಯ ಎದುರಿನ ಕೈಯಲ್ಲಿ ಕೋಲು ಹಿಡಿದು ನಡೆದರೆ ಚಪ್ಪೆಯ ಕೀಲಿನ ಮೇಲಿನ ಭಾರ ಯಾವ ಬೆಲ್ಟಿನಿಂದಲೂ ಆಗದಷ್ಟು ಇಳಿಯುತ್ತದೆ. ಬಲ ಚಪ್ಪೆ ನೋಯುವವರು ಬಲಗೈಯಲ್ಲೇ ಕೋಲೂರಿ ನಡೆಯುವುದನ್ನು ಬಸ್ ನಿಲ್ದಾಣಗಳಲ್ಲಿ ದಿನವೂ ಕಾಣಬಹುದು, ಅದು ತಪ್ಪು. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯ ನಾಗರಿಕರಿಗೆ ಊರುಗೋಲು ಮೊದಲಾದ ಸಲಕರಣೆಗಳು ಉಚಿತವಾಗಿ ದೊರೆಯುತ್ತವೆ.

ಐದನೆಯ ಹೆಜ್ಜೆ: ಹೆಗಲಿಗೆ ಕಟ್ಟುವ ಕ್ರಮ

ಸಿದ್ಧ ಪಟ್ಟಿಯಾದರೆ, ಮೇಜಿನ ಪಕ್ಕ ಕೂತು ನೋಯುವ ತೋಳನ್ನು ಮೊಣಕೈ ಮಡಚಿ ಮೇಜಿನ ಮೇಲಿರಿಸಿ, ಹೆಗಲು ಕಿವಿಯ ಕಡೆಗೆ ಏರದಂತೆ ಸಡಿಲ ಬಿಡಿ. ಪಟ್ಟಿಯ ತೋಳಿನ ಭಾಗವನ್ನು ರಟ್ಟೆಗೆ ಏರಿಸಿ, ಪಟ್ಟಿಯ ಬಟ್ಟಲಿನಂತಹ ಭಾಗ ಹೆಗಲ ತುದಿಯ ಎಲುಬನ್ನು ಮುಚ್ಚುವಂತೆ ಕೂರಿಸಿ, ರಟ್ಟೆಯ ವೆಲ್ಕ್ರೋವನ್ನು ಎರಡು ಬೆರಳು ಹಿಡಿಸುವಷ್ಟು ಸಡಿಲವಾಗಿ ಅಂಟಿಸಿ. ಉದ್ದನೆಯ ಪಟ್ಟಿಯನ್ನು ಎದೆಯ ಮೇಲಿಂದ ಎದುರು ಕಂಕುಳ ಕೆಳಗೆ ಹಾಯಿಸಿ, ಬೆನ್ನ ಹಿಂದಿನಿಂದ ತಂದು ಭದ್ರಪಡಿಸಿ. ಹೆಂಗಸರು ಇದನ್ನು ರವಿಕೆಯ ಮೇಲೆ, ಎದೆಯ ಉಬ್ಬಿನ ಮೇಲಲ್ಲದೆ ಅದರ ಕೆಳಗಿನಿಂದ ಹಾಯಿಸುವುದು ಒಳ್ಳೆಯದು. ಕಂಕುಳಲ್ಲಿ ಕೈಯ ಮುಖ್ಯ ನರ ಮತ್ತು ರಕ್ತನಾಳಗಳು ಚರ್ಮಕ್ಕೆ ಹತ್ತಿರವಾಗಿ ಹರಿಯುವುದರಿಂದ ಎರಡೂ ಕಂಕುಳಲ್ಲಿ ಮೆತ್ತನೆಯ ಹತ್ತಿ ಬಟ್ಟೆಯ ಮಡಿಕೆ ಇರಲಿ. ಬೆರಳು ಜುಮುಗುಟ್ಟಿದರೆ ಸಡಿಲಿಸಿ.

ಕ್ರೇಪ್ ಬ್ಯಾಂಡೇಜಿನ ಕ್ರಮ ಚಪ್ಪೆಯದನ್ನೇ ಹೋಲುತ್ತದೆ: ರಟ್ಟೆಯ ನಡುವೆ ಮುಂದಿನಿಂದ ಒಳಬದಿಗೆ ಎರಡು ಸುತ್ತು ಹಾಕಿ, ಹೊರಬದಿಯಿಂದ ಎದೆಯ ಮೇಲೆ ಎದುರು ಕಂಕುಳಿಗೆ, ಬೆನ್ನ ಮೇಲಿಂದ ಮರಳಿ ನೋಯುವ ಹೆಗಲ ಮೇಲಕ್ಕೆ, ಅಲ್ಲಿಂದ ಮುಂದೆ ಇಳಿದು ಕಂಕುಳೊಳಗಿಂದ ಹಿಂದಕ್ಕೆ. ಮೂರು ಸುತ್ತು ಸಾಕು. ಉಸಿರನ್ನು ಪೂರ್ತಿ ಒಳಗೆಳೆದು ನೋಡಿ, ಎದೆ ಕಟ್ಟಿದಂತಾದರೆ ಬಿಗಿ ಹೆಚ್ಚಾಗಿದೆ.

ಕೀಲು ತಪ್ಪಿ ವೈದ್ಯರು ಕೂರಿಸಿದ ಮೇಲೆ ಕೊಡುವ ಕೈಜೋಲಿಗೆ ಬೇರೆ ನಿಯಮಗಳಿವೆ. ಮಣಿಕಟ್ಟು ಮೊಣಕೈಗಿಂತ ತುಸು ಮೇಲಿರಬೇಕು, ಜೋಲಿ ಅಂಗೈಯನ್ನೂ ಆಧರಿಸಬೇಕು, ಮನೆಯ ಧೋತರದಿಂದ ಕಟ್ಟುವುದಾದರೆ ಗಂಟು ಕತ್ತಿನ ಹಿಂದೆ ಬಾರದೆ ಪಕ್ಕಕ್ಕೆ ಬರಬೇಕು. ಬೆರಳು ಮತ್ತು ಮಣಿಕಟ್ಟನ್ನು ತಾಸಿಗೊಮ್ಮೆ ಆಡಿಸಿ. ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳುತ್ತಾರೆ. ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರಲ್ಲಿ ತೋಳಿನ ಭಾರಕ್ಕೇ ಕೀಲು ಕೆಳಗೆ ಜಾರುವುದುಂಟು. ಅವರಿಗೆ ನಿಲ್ಲುವಾಗ, ನಡೆಯುವಾಗ ಹೆಗಲ ಆಸರೆ ಬೇಕು, ಕೂತಾಗ ತೋಳಿನ ಕೆಳಗೆ ದಿಂಬು ಬೇಕು. ಎಬ್ಬಿಸುವವರು ಆ ಕೈಯನ್ನಾಗಲಿ ಕಂಕುಳನ್ನಾಗಲಿ ಹಿಡಿದು ಎಳೆಯಲೇಬಾರದು.

ಹೆಪ್ಪುಗಟ್ಟಿದ ಹೆಗಲಿಗೆ ಪಟ್ಟಿಯನ್ನಾಗಲಿ ಜೋಲಿಯನ್ನಾಗಲಿ ಕಟ್ಟಬೇಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖವನ್ನು ಹದಿನೈದು ನಿಮಿಷ ಕೊಟ್ಟು, ಮುಂದೆ ಬಾಗಿ ತೋಳನ್ನು ಲೋಲಕವಾಗಿ ತೂಗಿಬಿಟ್ಟು ಆಡಿಸುವುದು, ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುವುದು ಅದಕ್ಕೆ ತಕ್ಕ ದಾರಿ. ಸಕ್ಕರೆ ಕಾಯಿಲೆಯವರಿಗೆ ಶಾಖ ಕೊಡುವ ಮೊದಲು ಮನೆಯವರು ತಮ್ಮ ಕೈಯಿಂದ ಬಿಸಿಯನ್ನು ಪರೀಕ್ಷಿಸಬೇಕು.

ಆರನೆಯ ಹೆಜ್ಜೆ: ಎಷ್ಟು ಹೊತ್ತು, ಯಾವಾಗ

ಮೊದಲ ದಿನ ಮನೆಯಲ್ಲೇ ಅರ್ಧ ತಾಸು ಕಟ್ಟಿ ಬಿಚ್ಚಿ ಚರ್ಮ ನೋಡಿ. ಪಟ್ಟಿಯ ಗುರುತು ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ಮರುದಿನದಿಂದ ಕೆಲಸದ ಹೊತ್ತಿಗೆ ಕಟ್ಟಬಹುದು. ಬೇಸಿಗೆಯಲ್ಲಿ ನಸುಕಿನಿಂದ ಬಿಸಿಲೇರುವವರೆಗಿನ ಹೊಲದ ಕೆಲಸ, ಶಹಾಬಾದ-ಚಿತ್ತಾಪುರ ಕಡೆಯ ಕಲ್ಲಿನ ಹೊರೆ ಏರಿಸುವ ಹೊತ್ತು, ಹೆಂಗಸರಿಗೆ ರೊಟ್ಟಿ ತಟ್ಟುವ ಹೊತ್ತು, ಇಷ್ಟಕ್ಕೆ ಸೀಮಿತವಾಗಿರಲಿ. ಎರಡು ತಾಸಿಗೊಮ್ಮೆ ಬಿಚ್ಚಿ ಬೆವರೊರೆಸಿ ಮತ್ತೆ ಕಟ್ಟಿ. ವೈದ್ಯರು ಹೇಳದ ಹೊರತು ಮಲಗುವಾಗ ಕಟ್ಟಬಾರದು. ನೋವು ತಗ್ಗಿದಂತೆ ದಿನಕ್ಕೊಂದು ತಾಸು ಕಡಿಮೆ ಮಾಡುತ್ತ ಎರಡು-ಮೂರು ವಾರಗಳಲ್ಲಿ ಬಿಡುವುದು ಒಳ್ಳೆಯದು. ಪಟ್ಟಿಯ ಆಸರೆಗೆ ಒಗ್ಗಿದ ಸ್ನಾಯು ತನ್ನ ಕೆಲಸವನ್ನು ಮರೆಯುತ್ತದೆ.

ನೋವಿಗೆ ಬಾಮು ಹಚ್ಚಿ ಅದರ ಮೇಲೆ ಬಿಗಿಯಾಗಿ ಕಟ್ಟುವ ರೂಢಿ ನಮ್ಮಲ್ಲಿ ಬಲವಾಗಿದೆ. ಮೆಂತಾಲ್, ಮೆಣಸಿನಕಾಯಿಯ ಸತ್ವ, ಗಂಧಪುರದ ಎಣ್ಣೆ ಇರುವ ಬಾಮುಗಳು ಮುಚ್ಚಿದ ಪಟ್ಟಿಯ ಕೆಳಗೆ ಚರ್ಮವನ್ನು ಬೊಬ್ಬೆ ಏಳುವಷ್ಟು ಸುಡಬಲ್ಲವು. ಬಾಮು ರಾತ್ರಿಗೆ ಇರಲಿ, ಪಟ್ಟಿ ಹಗಲಿಗೆ ಇರಲಿ.

ತೊಡೆಯ ಹೊರಬದಿ ನೋಯುವವರು ಪಟ್ಟಿಯ ಜೊತೆಗೆ ಕೆಲವು ಅಭ್ಯಾಸಗಳನ್ನೂ ಬಿಡಬೇಕಾಗುತ್ತದೆ: ಕೊಡವನ್ನೋ ಮಗುವನ್ನೋ ಟೊಂಕದ ಮೇಲೆ ಇಟ್ಟು ಚಪ್ಪೆ ಹೊರಚಾಚಿ ನಿಲ್ಲುವುದು, ಒಂದೇ ಕಾಲಿನ ಮೇಲೆ ಭಾರ ಹಾಕುವುದು, ಕಾಲ ಮೇಲೆ ಕಾಲು ಹಾಕುವುದು. ಈ ಭಂಗಿಗಳಲ್ಲಿ ಸ್ನಾಯುರಜ್ಜು ಎಲುಬಿನ ಮೇಲೆ ಅದುಮಿಕೊಳ್ಳುತ್ತದೆ. ಕೊಡದ ಭಾರವನ್ನು ಎರಡು ಸಣ್ಣ ಬಿಂದಿಗೆಗಳಲ್ಲಿ ಎರಡೂ ಕೈಗೆ ಹಂಚಿ, ರಾತ್ರಿ ನೋಯದ ಮಗ್ಗುಲಲ್ಲಿ ಮೊಣಕಾಲುಗಳ ನಡುವೆ ದಿಂಬಿಟ್ಟು ಮಲಗಿ. ಅಂಗಾತ ಮಲಗಿ ಮೊಣಕಾಲು ಮಡಚಿ ಪೃಷ್ಠವನ್ನು ಮೇಲೆತ್ತಿ ಐದು ಎಣಿಸುವವರೆಗೆ ನಿಲ್ಲಿಸುವ ವ್ಯಾಯಾಮವನ್ನು ದಿನಕ್ಕೆರಡು ಬಾರಿ, ಪ್ರತಿ ಬಾರಿ ಹತ್ತರಂತೆ ಮಾಡಿದರೆ ಪಟ್ಟಿಯ ಅಗತ್ಯವೇ ಬೇಗ ಕಡಿಮೆಯಾಗುತ್ತದೆ.

ತೊಳೆಯುವುದು ಮತ್ತು ಕಾಪಾಡುವುದು

ಎರಡು ಪಟ್ಟಿಗಳಿದ್ದರೆ ದಿನ ಬಿಟ್ಟು ದಿನ ತೊಳೆಯಲು ಅನುಕೂಲ. ವೆಲ್ಕ್ರೋ ಅಂಟಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಮೃದು ಸಾಬೂನಿನಿಂದ ಹಿಸುಕಿ ತೊಳೆಯಿರಿ; ಹಿಂಡಬೇಡಿ, ಕಲ್ಲಿಗೆ ಬಡಿಯಬೇಡಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಎಳೆಗಳ ನಡುವೆ ಉಳಿದು ತುರಿಕೆ ತರುವುದರಿಂದ ಎರಡು-ಮೂರು ಸಲ ಜಾಲಾಡಿ ನೆರಳಲ್ಲಿ ಒಣಗಿಸಿ. ನಮ್ಮ ಬಿಸಿಲಿಗೆ ಎಲಾಸ್ಟಿಕ್ ಒಂದೇ ಬೇಸಿಗೆಯಲ್ಲಿ ಸತ್ತುಹೋಗುತ್ತದೆ. ತೊಗರಿ ಹೊಟ್ಟು, ಹತ್ತಿಯ ಎಳೆ ವೆಲ್ಕ್ರೋದಲ್ಲಿ ಸೇರಿಕೊಂಡು ಅಂಟು ಬಿಟ್ಟರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಎಳೆದು ಬಿಟ್ಟಾಗ ಮೊದಲಿನ ಅಳತೆಗೆ ಮರಳದ ಪಟ್ಟಿಯನ್ನು ಬದಲಾಯಿಸಿ.

ಆರು ವಾರ ಕ್ರಮವಾಗಿ ಕಟ್ಟಿ, ವ್ಯಾಯಾಮ ಮಾಡಿಯೂ ನೋವು ಇಳಿಯದಿದ್ದರೆ, ಅಥವಾ ರಾತ್ರಿ ನಿದ್ದೆಗೆಡಿಸುವಷ್ಟು ಏರುತ್ತಿದ್ದರೆ ಮತ್ತೆ ವೈದ್ಯರ ಬಳಿಗೆ ಹೋಗಿ. ಹೋಗುವಾಗ ಬಳಸುತ್ತಿರುವ ಪಟ್ಟಿಯನ್ನೂ ಜೊತೆಗೆ ಒಯ್ದು, ಫಿಜಿಯೋಥೆರಪಿ ವಿಭಾಗದಲ್ಲಿ ಅವರೆದುರಿಗೇ ಒಮ್ಮೆ ಕಟ್ಟಿ ತೋರಿಸಿ. ಅಳತೆ, ಜಾಗ, ಬಿಗಿ ಮೂರರಲ್ಲಿ ಯಾವುದು ತಪ್ಪಿದೆ ಎಂಬುದು ಅಲ್ಲೇ ತಿಳಿಯುತ್ತದೆ.